ನೀರಿನಲ್ಲಿ ಉಸಿರು ಹಿಡಿಯುವವರ ಪ್ರಶ್ನೆಗಳು

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ, ಒಳಗೆಳೆದುಕೊಂಡ ಒಂದೇ ಉಸಿರಿನಲ್ಲಿ ನೀರಿಗಿಳಿದು ಮರಳುವ ಫ್ರೀಡೈವಿಂಗ್ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದರ ಒಂದು ವಿಭಾಗವಾದ ಸ್ಟ್ಯಾಟಿಕ್ ಆಪ್ನಿಯಾದ ಬಗ್ಗೆ, ಅಂದರೆ ಈಜುಕೊಳದಲ್ಲಿ ಮುಖವನ್ನು ನೀರಿಗೆ ಕೊಟ್ಟು, ಅಲುಗಾಡದೆ ತೇಲುತ್ತ ಉಸಿರು ಹಿಡಿದಿರುವ ಅಭ್ಯಾಸದ ಬಗ್ಗೆಯೇ ಹೆಚ್ಚಿನ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಫ್ರೀಡೈವಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ಐಡಾದ ಎರಡನೆಯ ಹಂತದ ಕೋರ್ಸ್ ಮುಗಿಸಿದ್ದೇನೆ. ಅದಕ್ಕೆ ಬೇಕಾದ 2 ನಿಮಿಷದ ಸ್ಟ್ಯಾಟಿಕ್ ಹೇಗೋ ಆಯಿತು. ಮೂರನೆಯ ಹಂತಕ್ಕೆ 2 ನಿಮಿಷ 45 ಸೆಕೆಂಡು ಬೇಕು. ಆದರೆ ಒಂದೂವರೆ ನಿಮಿಷ ಆಗುತ್ತಿದ್ದಂತೆಯೇ ಹೊಟ್ಟೆ ಎಳೆದುಕೊಳ್ಳತೊಡಗುತ್ತದೆ. ಆಮ್ಲಜನಕ ಮುಗಿಯಿತು ಎನ್ನಿಸಿ ತಲೆ ಎತ್ತಿಬಿಡುತ್ತೇನೆ. ಶ್ವಾಸಕೋಶದ ಸಾಮರ್ಥ್ಯವನ್ನು ಹೆಚ್ಚಿಸಿಕೊಳ್ಳುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಒಂದೂವರೆ ನಿಮಿಷಕ್ಕೆ ನಿಮ್ಮಲ್ಲಿ ಆಮ್ಲಜನಕ ಮುಗಿದಿರುವುದಿಲ್ಲ. ಲೆಕ್ಕ ಹಾಕಿ ನೋಡಿ. ಪೂರ್ತಿ ಉಸಿರೆಳೆದುಕೊಂಡ ವಯಸ್ಕರೊಬ್ಬರ ಶ್ವಾಸಕೋಶದಲ್ಲಿ ಸುಮಾರು 1 ಲೀಟರ್ ಆಮ್ಲಜನಕ ಇರುತ್ತದೆ, ರಕ್ತದಲ್ಲಿ ಬಹುತೇಕ ಅಷ್ಟೇ ಇರುತ್ತದೆ, ಸ್ನಾಯುಗಳಲ್ಲಿ ಇನ್ನೂ ಸ್ವಲ್ಪ ಇರುತ್ತದೆ. ಸುಮ್ಮನೆ ಮಲಗಿದ ದೇಹ ನಿಮಿಷಕ್ಕೆ ಖರ್ಚು ಮಾಡುವುದು ಸುಮಾರು 250 ಮಿಲಿಲೀಟರ್. ಇದ್ದುದೆಲ್ಲವನ್ನೂ ಬಳಸಲು ಬರುವುದಿಲ್ಲ ಎನ್ನುವುದು ನಿಜ. ಆದರೂ ಆರೋಗ್ಯವಂತರಲ್ಲಿ ಒಂದೂವರೆ ನಿಮಿಷದ ಹೊತ್ತಿಗೆ ರಕ್ತದ ಆಮ್ಲಜನಕದ ಮಟ್ಟ ಹೆಚ್ಚೇನೂ ಇಳಿದಿರುವುದಿಲ್ಲ.

ಹಾಗಾದರೆ ಹೊಟ್ಟೆ ಎಳೆಯುವುದೇಕೆ? ಉಸಿರಾಡಬೇಕು ಎಂಬ ತುಡಿತವನ್ನು ಹುಟ್ಟಿಸುವುದು ಆಮ್ಲಜನಕದ ಕೊರತೆಗಿಂತ ಮುಖ್ಯವಾಗಿ ರಕ್ತದಲ್ಲಿ ಏರುತ್ತಿರುವ ಇಂಗಾಲದ ಡೈಆಕ್ಸೈಡ್. ಅದು ಏರಿದಂತೆ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಎಚ್ಚೆತ್ತು, ನಿಮ್ಮ ಅಪ್ಪಣೆಗೆ ಕಾಯದೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಕೆಲಸ ಹಚ್ಚುತ್ತದೆ. ನೀವು ಗಂಟಲು ಮುಚ್ಚಿಕೊಂಡಿದ್ದೀರಿ, ಗಾಳಿ ಒಳಗೆ ಬರುವ ಹಾಗಿಲ್ಲ. ಆದ್ದರಿಂದ ವಪೆಯ ಆ ಸೆಳೆತವೇ ಹೊಟ್ಟೆ ಒಳಗೆ ಎಳೆದ ಹಾಗೆ ಅನುಭವಕ್ಕೆ ಬರುತ್ತದೆ. ಫ್ರೀಡೈವರ್‌ಗಳು ಇದನ್ನು ಕಾಂಟ್ರಾಕ್ಷನ್ ಎನ್ನುತ್ತಾರೆ.

ಅದು ಬರುವ ಕ್ರಮವನ್ನು ಗಮನಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ. ಮೊದಲು ಗಂಟಲಲ್ಲಿ ಏನನ್ನೋ ನುಂಗಬೇಕು ಎನ್ನಿಸುತ್ತದೆ. ಎದೆಯ ಸುತ್ತ ತುಸು ಬಿಸಿ, ಕಾರಣವಿಲ್ಲದ ಚಡಪಡಿಕೆ, ‘ಇವತ್ತು ಬೇಡ, ನಾಳೆ ನೋಡೋಣ’ ಎಂಬ ಮನಸ್ಸು. ಆಮೇಲೆ ಪಕ್ಕೆಲುಬುಗಳ ಕೆಳಗೆ ಬಿಕ್ಕಳಿಕೆಯ ಹಾಗೆ ಒಂದು ಸಣ್ಣ ಎಳೆತ. ಅದಾಗಿ ಒಂದಷ್ಟು ಹೊತ್ತು ಏನೂ ಇರುವುದಿಲ್ಲ. ಮತ್ತೊಂದು ಬರುತ್ತದೆ, ನಡುವಿನ ಬಿಡುವು ಕಿರಿದಾಗುತ್ತ ಹೋಗುತ್ತದೆ, ಎಳೆತ ಬಲವಾಗುತ್ತದೆ. ಹೊಸಬರು ಇಲ್ಲಿ ಹೊಟ್ಟೆಯನ್ನು ಬಿಗಿಹಿಡಿದು, ಹಲ್ಲು ಕಚ್ಚಿ, ಮುಷ್ಟಿ ಕಟ್ಟಿ ಹೋರಾಡುತ್ತಾರೆ. ಬಿಗಿಹಿಡಿದ ಪ್ರತಿಯೊಂದು ಸ್ನಾಯುವೂ ಆಮ್ಲಜನಕವನ್ನು ತಿನ್ನುತ್ತದೆ ಎಂಬುದು ಅವರಿಗೆ ಆಗ ನೆನಪಿರುವುದಿಲ್ಲ. ಗಂಟಲನ್ನು ಮಾತ್ರ ಮುಚ್ಚಿಟ್ಟು, ಹೊಟ್ಟೆಯನ್ನು ಅದರ ಪಾಡಿಗೆ ಕುಣಿಯಲು ಬಿಡಬೇಕು. ದವಡೆ, ಹೆಗಲು, ಬೆರಳು, ಹುಬ್ಬಿನ ನಡುಭಾಗ, ಇವು ಸಡಿಲವಾಗಿವೆಯೇ ಎಂದು ಪ್ರತಿ ಎಳೆತದ ನಂತರ ಒಂದೊಂದಾಗಿ ಮನಸ್ಸಿನಲ್ಲಿಯೇ ನೋಡಿಕೊಳ್ಳುತ್ತ ಹೋಗಿ.

ಒಟ್ಟು ಅವಧಿಗಿಂತ ನೀವು ಬರೆದಿಟ್ಟುಕೊಳ್ಳಬೇಕಾದ ಅಂಕಿ ಬೇರೆಯದು. ಮೊದಲ ಎಳೆತ ಯಾವಾಗ ಬಂತು, ಅದರ ನಂತರ ಎಷ್ಟು ಎಳೆತಗಳನ್ನು ಸಮಾಧಾನದಿಂದ ತಾಳಿಕೊಂಡಿರಿ, ಇವೆರಡನ್ನು ಬರೆಯಿರಿ. ಈ ಸಲ ಐದು ಎಳೆತಕ್ಕೆ ಎದ್ದಿದ್ದರೆ ಮುಂದಿನ ಸಲ ಏಳಕ್ಕೆ ಏಳಿ. ಗಡಿಯಾರ ನೋಡುವುದಕ್ಕಿಂತ ಇದು ಒಳ್ಳೆಯದು. ಗಡಿಯಾರ ನೋಡುವವರಿಗೆ ಎರಡನೆಯ ನಿಮಿಷ ಮೊದಲಿನದರ ಎರಡರಷ್ಟು ಉದ್ದವಾಗಿ ಕಾಣುತ್ತದೆ.

ಶ್ವಾಸಕೋಶದ ಸಾಮರ್ಥ್ಯದ ವಿಚಾರ: ವಯಸ್ಕರಲ್ಲಿ ಅದು ಬಹುಮಟ್ಟಿಗೆ ಎತ್ತರ ಮತ್ತು ಎದೆಗೂಡಿನ ಗಾತ್ರದಿಂದಲೇ ನಿಗದಿಯಾಗಿರುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳನ್ನು ಹಿಗ್ಗಿಸುವ ಆಸನಗಳಿಂದ, ಹೊಟ್ಟೆಯಿಂದ ಆರಂಭಿಸಿ ಎದೆಯ ಮೇಲ್ಭಾಗದ ತನಕ ಉಸಿರು ತುಂಬುವ ಅಭ್ಯಾಸದಿಂದ ಇರುವ ಜಾಗವನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಸಾಧ್ಯವಾಗುತ್ತದೆ. ಆದರೆ 2 ನಿಮಿಷದಿಂದ 2 ನಿಮಿಷ 45 ಸೆಕೆಂಡಿಗೆ ಹೋಗಲು ನಿಮಗೆ ಬೇಕಿರುವುದು ದೊಡ್ಡ ಶ್ವಾಸಕೋಶವಲ್ಲ. ಈಗ ಇರುವ ಉಸಿರೇ ಅಷ್ಟಕ್ಕೆ ಧಾರಾಳ ಸಾಕು. ಪೂರ್ತಿ ತುಂಬಿದ ಮೇಲೂ ಬಾಯಿಯಿಂದ ಗಾಳಿಯನ್ನು ಒಳಕ್ಕೆ ಒತ್ತುವ ಪ್ಯಾಕಿಂಗ್ ಎಂಬ ತಂತ್ರದ ದೃಶ್ಯಗಳನ್ನು ನೀವು ನೋಡಿರಬಹುದು. ಅದರಿಂದ ಶ್ವಾಸಕೋಶಕ್ಕೆ ಗಾಯವಾಗುವ, ರಕ್ತದೊತ್ತಡ ಕುಸಿದು ತಲೆಸುತ್ತು ಬರುವ ಅಪಾಯವಿದೆ. ನಿಮ್ಮ ಹಂತದಲ್ಲಿ ಅದರ ಸಹವಾಸ ಬೇಡ.

ಪ್ರಶ್ನೆ: ಹಲವು ವರ್ಷಗಳಿಂದ ಪ್ರಾಣಾಯಾಮ ಮಾಡುತ್ತಿದ್ದೇನೆ, ಈಗ ಕಲಿಸುತ್ತಲೂ ಇದ್ದೇನೆ. ಭಸ್ತ್ರಿಕಾ (ವೇಗವಾದ, ಬಲವಾದ ಉಸಿರಾಟ) ಮಾಡಿದ ಕೂಡಲೇ ಕುಂಭಕ (ಉಸಿರು ಹಿಡಿಯುವುದು) ಬಹಳ ಸಲೀಸಾಗಿ, ದೀರ್ಘವಾಗಿ ನಿಲ್ಲುತ್ತದೆ. ಈಜುಕೊಳಕ್ಕೆ ಹೋಗುವ ನನ್ನ ವಿದ್ಯಾರ್ಥಿಗಳು ನೀರಿಗಿಳಿಯುವ ಮುನ್ನ ಇದನ್ನೇ ಮಾಡಿಕೊಂಡರೆ ಹೆಚ್ಚು ಆಮ್ಲಜನಕ ಸಂಗ್ರಹವಾಗುತ್ತದಲ್ಲವೇ?
— ಯೋಗ ಶಿಕ್ಷಕಿ, ಮೈಸೂರು

ಉತ್ತರ: ದಯವಿಟ್ಟು ಅವರಿಗೆ ಇದನ್ನು ಹೇಳಿಕೊಡಬೇಡಿ. ಈ ಸಲ ಬಂದ ಪತ್ರಗಳಲ್ಲೆಲ್ಲ ಕೂಡಲೇ ಉತ್ತರಿಸಬೇಕಾದ ಪತ್ರ ನಿಮ್ಮದೇ ಎಂದು ನನಗೆ ಅನ್ನಿಸಿತು.

ಭಸ್ತ್ರಿಕಾದ ನಂತರ ಕುಂಭಕ ಸಲೀಸಾಗುವುದು ನಿಜ. ಆದರೆ ಅದಕ್ಕೆ ಕಾರಣ ಹೆಚ್ಚಿದ ಆಮ್ಲಜನಕವಲ್ಲ. ಸಾಮಾನ್ಯ ಉಸಿರಾಟದಲ್ಲಿಯೇ ಆರೋಗ್ಯವಂತರ ಹಿಮೊಗ್ಲೋಬಿನ್ 97–98 ಪ್ರತಿಶತ ತುಂಬಿರುತ್ತದೆ. ತುಂಬಿದ ಮೇಲೆ ಎಷ್ಟು ಜೋರಾಗಿ ಉಸಿರಾಡಿದರೂ ಅದು ಇನ್ನಷ್ಟು ಹಿಡಿಯುವುದಿಲ್ಲ. ಶ್ವಾಸಕೋಶದೊಳಗಿನ ಗಾಳಿಯಲ್ಲಿ ಆಮ್ಲಜನಕ ತುಸು ಏರುತ್ತದೆ, ಅಷ್ಟೇ. ಆದರೆ ವೇಗವಾದ, ಆಳವಾದ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಮಾತ್ರ ಭಾರಿ ಪ್ರಮಾಣದಲ್ಲಿ ಹೊರಹೋಗುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದಂತೆ ಉಸಿರಾಡು ಎಂದು ಎಚ್ಚರಿಸುವುದು ಆ ಅನಿಲವೇ. ಅದನ್ನು ಮೊದಲೇ ಹೊರಹಾಕಿಬಿಟ್ಟರೆ ಎಚ್ಚರಿಕೆ ತಡವಾಗುತ್ತದೆ. ಇತ್ತ ಆಮ್ಲಜನಕದ ಖರ್ಚು ಎಂದಿನಂತೆಯೇ ನಡೆದಿರುತ್ತದೆ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಪ್ರಜ್ಞೆ ಉಳಿಯುವ ಮಟ್ಟಕ್ಕಿಂತ ಕೆಳಗಿಳಿದರೆ, ಯಾವ ಸಂಕಟವೂ ಇಲ್ಲದೆ, ಸುಖವಾಗಿಯೇ ಇದ್ದೇನೆ ಎಂಬ ಭಾವದಲ್ಲಿಯೇ ವ್ಯಕ್ತಿ ನೀರಿನಲ್ಲಿ ಪ್ರಜ್ಞೆ ತಪ್ಪುತ್ತಾನೆ. ನಿಮ್ಮ ಕೋಣೆಯ ಚಾಪೆಯ ಮೇಲೆ ಹೀಗಾದರೆ ದೇಹ ತಾನಾಗಿ ಉಸಿರೆಳೆದುಕೊಂಡು ಕೆಲವೇ ಕ್ಷಣದಲ್ಲಿ ಎಚ್ಚರವಾಗುತ್ತದೆ. ನೀರಿನಲ್ಲಿ ಎಳೆದುಕೊಳ್ಳುವ ಮೊದಲ ಉಸಿರಿನೊಂದಿಗೆ ಬರುವುದು ನೀರು.

ಇದು ಹೊಸ ತಿಳಿವಳಿಕೆಯೂ ಅಲ್ಲ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆಲ್ಬರ್ಟ್ ಕ್ರೇಗ್ ಅವರು ನೀರಿನಡಿ ಈಜುವಾಗ ಪ್ರಜ್ಞೆ ತಪ್ಪಿದವರ ಪ್ರಕರಣಗಳನ್ನು ಪರಿಶೀಲಿಸಿ, ಮುಳುಗುವ ಮುನ್ನ ಮಾಡಿದ ಅತಿ ಉಸಿರಾಟವೇ ಇದಕ್ಕೆ ದಾರಿ ಮಾಡಿಕೊಡುತ್ತದೆ ಎಂದು 1961ರಲ್ಲಿಯೇ ಬರೆದಿದ್ದರು. ಅದಾಗಿ ಅರವತ್ತು ವರ್ಷಗಳು ಕಳೆದರೂ ಈಜುಕೊಳದ ಅಂಚಿನಲ್ಲಿ ನಿಂತು ಬುಸುಬುಸು ಉಸಿರಾಡಿ ನೀರಿಗೆ ಬೀಳುವವರನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಕಪಾಲಭಾತಿಯ ಬಗ್ಗೆಯೂ ಇದೇ ಎಚ್ಚರಿಕೆ ಸಲ್ಲುತ್ತದೆ. ಅದರಲ್ಲಿ ಎಷ್ಟು ಅನಿಲ ಹೊರಹೋಗುತ್ತದೆ ಎನ್ನುವುದು ಮಾಡುವ ರೀತಿಯನ್ನು ಅವಲಂಬಿಸಿದ್ದರೂ, ನೀರಿಗಿಳಿಯುವ ಹೊತ್ತಿನಲ್ಲಿ ಅಂಥ ಪರೀಕ್ಷೆಗೆ ಕೈಹಾಕುವ ಅಗತ್ಯವಿಲ್ಲ. ಬೆರಳ ತುದಿಯಲ್ಲಿ, ತುಟಿಯ ಸುತ್ತ ಜುಮುಜುಮು ಎನ್ನಿಸಿದರೆ, ತಲೆ ಹಗುರವಾದ ಹಾಗಾದರೆ, ಅದು ಅತಿಯಾಗಿ ಉಸಿರಾಡಿದ್ದರ ಗುರುತು. ಅಂದಿನ ಸರದಿಯನ್ನು ಅಲ್ಲಿಗೇ ನಿಲ್ಲಿಸಿ, ಹಲವು ನಿಮಿಷ ಸಹಜವಾಗಿ ಉಸಿರಾಡಿಕೊಂಡಿರುವುದು ಸರಿಯಾದ ಕ್ರಮ.

ಹಾಗೆಂದು ಪ್ರಾಣಾಯಾಮ ಇಲ್ಲಿ ನಿಷ್ಪ್ರಯೋಜಕ ಎಂದು ತಿಳಿಯಬೇಡಿ. ನಾಡಿಶೋಧನ, ಭ್ರಾಮರಿಗಳಂತಹ ನಿಧಾನದ ಅಭ್ಯಾಸಗಳು ಹೃದಯದ ಬಡಿತವನ್ನು ತಗ್ಗಿಸಿ ಮನಸ್ಸನ್ನು ಒಂದೆಡೆ ನಿಲ್ಲಿಸುತ್ತವೆ. ಸ್ಟ್ಯಾಟಿಕ್‌ಗೆ ಬೇಕಿರುವುದು ಅದೇ. ಪೂರಕ (ಒಳಗೆಳೆದುಕೊಳ್ಳುವುದು), ಕುಂಭಕ, ರೇಚಕಗಳನ್ನು (ಹೊರಬಿಡುವುದು) 1:4:2ರ ಪ್ರಮಾಣದಲ್ಲಿ ಮಾಡುವ ಸಾಂಪ್ರದಾಯಿಕ ಕ್ರಮದಲ್ಲಿ ಉಸಿರಾಟದ ಒಟ್ಟು ಪ್ರಮಾಣ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಏರಿದ ಸ್ಥಿತಿಯಲ್ಲಿ ಶಾಂತವಾಗಿರಲು ದೇಹ ಕಲಿಯುತ್ತದೆ. ನಿಮ್ಮ ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ, ನೆಲದ ಮೇಲೆ ಕುಳಿತು ಮಾಡಲಿ. ನೀರಿಗಿಳಿಯುವ ಮುಂಚಿನ ಎರಡು ನಿಮಿಷ ಸಹಜ ಗಾತ್ರದ ಉಸಿರಾಟ ಮಾತ್ರ ಇರಲಿ, ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ಉದ್ದವಾಗಿರಲಿ. ಕೊನೆಗೆ ಒಮ್ಮೆ ಪೂರ್ತಿಯಾಗಿ ಹೊರಬಿಟ್ಟು, ಒಂದು ಪೂರ್ಣ ಉಸಿರನ್ನು ಆತುರವಿಲ್ಲದೆ ಎಳೆದುಕೊಂಡರೆ ಸಾಕು.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದೆ. ಉಸಿರು ಹಿಡಿದು ಎರಡೂವರೆ ನಿಮಿಷವಾದರೂ ಅದು 96 ತೋರಿಸುತ್ತದೆ. ಅಂದರೆ ಇನ್ನೂ ಬೇಕಾದಷ್ಟು ಹೊತ್ತು ಇರಬಹುದೇ?
— ಓದುಗರು, ದಾವಣಗೆರೆ

ಉತ್ತರ: ಅದನ್ನು ನಂಬಿ ನಿರ್ಧಾರ ತೆಗೆದುಕೊಳ್ಳಬೇಡಿ. ಶ್ವಾಸಕೋಶದಿಂದ ಹೊರಟ ರಕ್ತ ಬೆರಳ ತುದಿಗೆ ಬಂದು, ಯಂತ್ರ ಅದನ್ನು ಅಳೆದು ತೋರಿಸುವ ಹೊತ್ತಿಗೆ ಹಲವು ಸೆಕೆಂಡುಗಳು ಕಳೆದಿರುತ್ತವೆ. ಉಸಿರು ಹಿಡಿದಾಗ ಕೈಕಾಲುಗಳ ರಕ್ತನಾಳಗಳು ಕುಗ್ಗುವುದರಿಂದ ಈ ವಿಳಂಬ ಇನ್ನೂ ಹೆಚ್ಚುತ್ತದೆ. ನೀವು ಮತ್ತೆ ಉಸಿರಾಡತೊಡಗಿದ ಮೇಲೆ ಅಂಕಿ ಇಳಿಯುವುದನ್ನು ಗಮನಿಸಿ ನೋಡಿ. ಯಂತ್ರ ತೋರಿಸುತ್ತಿರುವುದು ನಿಮ್ಮ ದೇಹದ ತುಸು ಹಿಂದಿನ ಸ್ಥಿತಿಯನ್ನು. ಮನೆಯಲ್ಲಿ ಕುತೂಹಲಕ್ಕೆ ಬಳಸಲು ಅಡ್ಡಿಯಿಲ್ಲ.

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಟೇಬಲ್, ಆಕ್ಸಿಜನ್ ಟೇಬಲ್ ಎಂಬ ಎರಡು ಬಗೆಯ ಅಭ್ಯಾಸಗಳನ್ನು ಮೊಬೈಲ್ ಆ್ಯಪ್ ಒಂದರಲ್ಲಿ ನೋಡಿದೆ. ಇವುಗಳಲ್ಲಿ ಯಾವುದು ಮುಖ್ಯ? ದಿನವೂ ಮಾಡಬಹುದೇ? ನನ್ನ ಗರಿಷ್ಠ ಅವಧಿ 3 ನಿಮಿಷ.
— ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಸರಳವಾದ ವೇಳಾಪಟ್ಟಿಗಳೇ. ಮೊದಲನೆಯದರಲ್ಲಿ ಉಸಿರು ಹಿಡಿಯುವ ಅವಧಿ ಬದಲಾಗುವುದಿಲ್ಲ, ನಡುವಿನ ವಿಶ್ರಾಂತಿ ಕಡಿಮೆಯಾಗುತ್ತ ಹೋಗುತ್ತದೆ. ನಿಮ್ಮ ಗರಿಷ್ಠ ಅವಧಿ 3 ನಿಮಿಷವಾದ್ದರಿಂದ ಅದರ ಅರ್ಧ, ಅಂದರೆ ಒಂದೂವರೆ ನಿಮಿಷದಂತೆ ಎಂಟು ಸಲ ಉಸಿರು ಹಿಡಿಯಿರಿ. ಮೊದಲ ವಿಶ್ರಾಂತಿ 2 ನಿಮಿಷ ಇರಲಿ, ಆಮೇಲೆ ಪ್ರತಿ ಸಲ 15 ಸೆಕೆಂಡು ಕಡಿಮೆ ಮಾಡಿ. ಎಂಟನೆಯ ಸರದಿಗೆ ಮುಂಚಿನ ವಿಶ್ರಾಂತಿ 30 ಸೆಕೆಂಡಿಗೆ ಬಂದಿರುತ್ತದೆ. ಪ್ರತಿ ಸರದಿಯಲ್ಲಿಯೂ ಕೂಡಿಕೊಂಡ ಇಂಗಾಲದ ಡೈಆಕ್ಸೈಡ್ ಅಷ್ಟು ಕಡಿಮೆ ಹೊತ್ತಿನಲ್ಲಿ ಪೂರ್ತಿ ಹೊರಹೋಗದೆ ಉಳಿಯುವುದರಿಂದ, ಕೊನೆಯ ಸರದಿಗಳಲ್ಲಿ ವಪೆಯ ಎಳೆತ ಬೇಗನೆ ಶುರುವಾಗುತ್ತದೆ. ಆಮ್ಲಜನಕದ ಮಟ್ಟ ಅಪಾಯದ ಹತ್ತಿರಕ್ಕೂ ಹೋಗದೆ ಸಂಕಟವನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳುವ ಉಪಾಯ ಇದು.

ಎರಡನೆಯದರಲ್ಲಿ ವಿಶ್ರಾಂತಿ ಪ್ರತಿ ಸಲವೂ 2 ನಿಮಿಷ. ಹಿಡಿಯುವ ಅವಧಿ ಏರುತ್ತ ಹೋಗುತ್ತದೆ. 1 ನಿಮಿಷದಿಂದ ಆರಂಭಿಸಿ 15 ಸೆಕೆಂಡಿನಂತೆ ಏರಿಸುತ್ತ, ನಿಮ್ಮ ಗರಿಷ್ಠದ 80 ಪ್ರತಿಶತದ ಆಸುಪಾಸಿಗೆ, ಅಂದರೆ ಸುಮಾರು 2 ನಿಮಿಷ 25 ಸೆಕೆಂಡಿಗೆ ನಿಲ್ಲಿಸಬೇಕು. ಇಲ್ಲಿ ದೇಹ ಕಡಿಮೆ ಆಮ್ಲಜನಕಕ್ಕೆ ಒಗ್ಗಿಕೊಳ್ಳುತ್ತದೆ.

ನಿಮ್ಮ ಹಂತದಲ್ಲಿ ಮೊದಲನೆಯದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಮೂರು ನಿಮಿಷದವರನ್ನು ತಡೆಯುತ್ತಿರುವುದು ಬಹುಪಾಲು ಸಂಕಟದ ಅಂಜಿಕೆಯೇ ಹೊರತು ಆಮ್ಲಜನಕವಲ್ಲ. ವಾರಕ್ಕೆ ಎರಡು ಅಥವಾ ಮೂರು ದಿನ ಸಾಕು, ಎರಡೂ ಪಟ್ಟಿಗಳನ್ನು ಒಂದೇ ದಿನ ಮಾಡಬೇಡಿ. ಗರಿಷ್ಠ ಅವಧಿಯನ್ನು ಪದೇ ಪದೇ ಪರೀಕ್ಷಿಸುವ ಚಟ ಒಳ್ಳೆಯದಲ್ಲ. ಒಮ್ಮೆ ಕೆಟ್ಟ ಫಲಿತಾಂಶ ಬಂದರೆ ಮನಸ್ಸು ಮುಂದಿನ ಪ್ರಯತ್ನವನ್ನು ಅಳುಕಿನಿಂದಲೇ ಶುರುಮಾಡುತ್ತದೆ. ಆ್ಯಪ್ ಕೊಟ್ಟ ಪಟ್ಟಿಯನ್ನು ವೇದವಾಕ್ಯವೆಂದು ತಿಳಿಯಬೇಕಾಗಿಯೂ ಇಲ್ಲ. ಕೊನೆಯ ಎರಡು ಸರದಿಗಳು ಕಷ್ಟವೆನ್ನಿಸಬೇಕು, ಆದರೆ ಮುಗಿಸಲು ಬರುವಂತಿರಬೇಕು. ಐದನೆಯದಕ್ಕೇ ಹೈರಾಣಾದರೆ ಹಿಡಿಯುವ ಅವಧಿಯನ್ನು ಹತ್ತು ಸೆಕೆಂಡು ಇಳಿಸಿ. ಈ ಪಟ್ಟಿಗಳನ್ನೆಲ್ಲ ಹಾಸಿಗೆ ಅಥವಾ ಚಾಪೆಯ ಮೇಲೆ ಮಲಗಿ ಮಾಡಬೇಕು. ಸ್ನಾನದ ತೊಟ್ಟಿಯಲ್ಲಿ, ಈಜುಕೊಳದಲ್ಲಿ ಒಬ್ಬರೇ ಇದ್ದಾಗ ಖಂಡಿತ ಕೂಡದು. ವಾಹನ ಓಡಿಸುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ ಉಸಿರು ಹಿಡಿಯುವವರೂ ಇದ್ದಾರೆ ಎಂದು ಕೇಳಿದ್ದೇನೆ. ಅದಕ್ಕೆ ಏನು ಹೇಳುವುದೋ ತಿಳಿಯದು.

ಪ್ರಶ್ನೆ: ಮನೆಯ ಹಾಸಿಗೆಯ ಮೇಲೆ 3 ನಿಮಿಷ 10 ಸೆಕೆಂಡು ಇರುತ್ತೇನೆ. ಈಜುಕೊಳದಲ್ಲಿ ಎರಡು ನಿಮಿಷವೂ ದಾಟುವುದಿಲ್ಲ. ನೀರಿನಲ್ಲಿ ಇನ್ನೂ ಹೆಚ್ಚು ಹೊತ್ತು ಇರಬಹುದು ಎಂದು ಓದಿದ್ದೆನಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ಸರಿಯೇ. ತಣ್ಣನೆಯ ನೀರು ಮುಖಕ್ಕೆ ತಗುಲಿದಾಗ ಅಲ್ಲಿನ ನರಗಳ ಮೂಲಕ ಮಿದುಳಿಗೆ ಸೂಚನೆ ಹೋಗಿ, ಹೃದಯದ ಬಡಿತ ಇಳಿಯುತ್ತದೆ, ಕೈಕಾಲುಗಳ ರಕ್ತನಾಳಗಳು ಕುಗ್ಗಿ ರಕ್ತ ಹೃದಯ ಮತ್ತು ಮಿದುಳಿನ ಪಾಲಿಗೆ ಉಳಿಯುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಬಹಳ ಪ್ರಬಲವಾಗಿರುವ ಈ ಪ್ರತಿಕ್ರಿಯೆ ಮನುಷ್ಯರಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೆ. ಇದರ ಜೊತೆಗೆ ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಕುಗ್ಗಿ ತನ್ನಲ್ಲಿ ಕೂಡಿಟ್ಟುಕೊಂಡ ಕೆಂಪು ರಕ್ತಕಣಗಳನ್ನು ಹರಿಯುವ ರಕ್ತಕ್ಕೆ ಬಿಡುತ್ತದೆ. ಇಂಡೋನೇಷ್ಯಾದಲ್ಲಿ ತಲೆಮಾರುಗಳಿಂದ ಸಮುದ್ರದಲ್ಲಿ ಮುಳುಗಿಯೇ ಬದುಕು ಸಾಗಿಸಿದ ಬಜಾವು ಜನರ ಗುಲ್ಮ, ಅದೇ ಪ್ರದೇಶದಲ್ಲಿ ಬೇಸಾಯ ಮಾಡಿಕೊಂಡಿರುವ ಸಲುವಾನ್ ಜನರದಕ್ಕಿಂತ ಸುಮಾರು 50 ಪ್ರತಿಶತ ದೊಡ್ಡದಾಗಿದೆ ಎಂದು ಮೆಲಿಸ್ಸಾ ಇಲಾರ್ಡೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಮುಳುಗದ ಬಜಾವುಗಳಲ್ಲಿಯೂ ಅದು ದೊಡ್ಡದಾಗಿಯೇ ಇತ್ತು ಎನ್ನುವುದು ಅದರಲ್ಲಿ ಸ್ವಾರಸ್ಯದ ಸಂಗತಿ.

ಗುಲ್ಮ ಮೊದಲ ಸಲಕ್ಕೇ ಪೂರ್ತಿ ಸ್ಪಂದಿಸುವುದಿಲ್ಲ. ಎರಡು ಮೂರು ಸಲ ಸುಲಭವಾದ ಅವಧಿಗೆ ಉಸಿರು ಹಿಡಿದು ಬಿಟ್ಟ ಮೇಲೆ ಅದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ನೀವು ಈಜುಕೊಳಕ್ಕೆ ಇಳಿದ ಕೂಡಲೇ ದೊಡ್ಡ ಪ್ರಯತ್ನಕ್ಕೆ ಕೈಹಾಕುತ್ತಿದ್ದರೆ ಅದೊಂದು ಕಾರಣವಿರಬಹುದು.

ಆದರೆ ಒಂದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸಕ್ಕೆ ನನಗೆ ಅನುಮಾನವಿರುವುದು ಚಳಿ ಮತ್ತು ಬಿಗಿತದ ಮೇಲೆ. ಅಲುಗಾಡದೆ ನೀರಿನಲ್ಲಿದ್ದರೆ ಮೈ ಬೇಗ ತಣ್ಣಗಾಗುತ್ತದೆ, ನಡುಕ ಶುರುವಾದರೆ ಸ್ನಾಯುಗಳು ಆಮ್ಲಜನಕವನ್ನು ಸುರಿದು ಖರ್ಚು ಮಾಡುತ್ತವೆ. ತೆಳುವಾದ ನಿಯೋಪ್ರೀನ್ ಉಡುಪು ತೊಟ್ಟು ನೋಡಿ. ಅದು ಮೈಯನ್ನು ತೇಲಿಸುವುದರಿಂದ ಮುಳುಗುವೆನೆಂಬ ಅಳುಕೂ ಇರುವುದಿಲ್ಲ. ಎದೆಯ ಸುತ್ತ ಬಿಗಿಯಾಗಿರಬಾರದು. ಕನ್ನಡಕದ ಪಟ್ಟಿ ತಲೆಯನ್ನು ಒತ್ತುತ್ತಿದ್ದರೆ ಸಡಿಲಿಸಿ, ಮೂಗಿಗೆ ನೀರು ನುಗ್ಗುವ ಕಿರಿಕಿರಿಯಿದ್ದರೆ ನೋಸ್‌ಕ್ಲಿಪ್ ಹಾಕಿಕೊಳ್ಳಿ. ಕುತ್ತಿಗೆಯನ್ನು ಎತ್ತಿ ಮುಂದೆ ನೋಡುವ ಅಭ್ಯಾಸ ಈಜುಗಾರರಲ್ಲಿ ಸಾಮಾನ್ಯ. ಇಲ್ಲಿ ತಲೆ ಪೂರ್ತಿ ಜೋತುಬಿದ್ದಿರಬೇಕು. ಆರಂಭದಲ್ಲಿ ಎದೆಮಟ್ಟದ ನೀರಿನಲ್ಲಿ, ಎರಡೂ ಕೈಗಳನ್ನು ಅಂಚಿನ ಮೇಲೆ ಹಗುರವಾಗಿ ಇಟ್ಟುಕೊಂಡು, ಜೊತೆಗಾರ ಪಕ್ಕದಲ್ಲಿಯೇ ನಿಂತಿರುವಾಗ ಮಾಡಿ.

ಪ್ರಶ್ನೆ: ನನ್ನ ಮಗನಿಗೆ ಹದಿನೈದು ವರ್ಷ. ಒಳ್ಳೆಯ ಈಜುಗಾರ. ಅಜ್ಜನ ಮನೆಯ ಬಾವಿಯಲ್ಲಿ, ಇಲ್ಲಿಯ ಈಜುಕೊಳದಲ್ಲಿ ಗೆಳೆಯರೊಡನೆ ಪಂತ ಕಟ್ಟಿ ನೀರಿನಡಿ ಕೂರುತ್ತಾನೆ. ಬೇಡವೆಂದರೆ ‘ಲೈಫ್‌ಗಾರ್ಡ್ ಇದ್ದಾರಲ್ಲಮ್ಮ’ ಎನ್ನುತ್ತಾನೆ. ಏನು ಮಾಡಲಿ?
— ತಾಯಿ, ಉಡುಪಿ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಪಂತದ ಆಟವನ್ನು ನಿಲ್ಲಿಸಲೇಬೇಕು, ಬಾವಿಯಲ್ಲಂತೂ ಮಾತೇ ಬೇಡ. ಪ್ರಜ್ಞೆ ತಪ್ಪಿ ತಳ ಸೇರಿದವರನ್ನು ಅಲ್ಲಿಂದ ಎತ್ತುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಲೈಫ್‌ಗಾರ್ಡ್ ಇದ್ದರೂ ಯಾಕೆ ಸಾಲದು ಎನ್ನುವುದನ್ನು ಮಗನಿಗೆ ಹೀಗೆ ವಿವರಿಸಿ. ಉಸಿರು ಹಿಡಿದು ಪ್ರಜ್ಞೆ ತಪ್ಪುವವರು ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ನೀರಿನಡಿ ಸುಮ್ಮನೆ ಕುಳಿತ ಹುಡುಗನಿಗೂ ಪ್ರಜ್ಞೆ ತಪ್ಪಿದ ಹುಡುಗನಿಗೂ ದೂರದ ಕುರ್ಚಿಯಿಂದ ನೋಡುವವರ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಜೊತೆಗೆ ಪಂತ ಕಟ್ಟಿದ ಗೆಳೆಯರೂ ನೀರಿನೊಳಗೇ ಇದ್ದರೆ ನೋಡುವವರು ಯಾರೂ ಇಲ್ಲವೆಂದೇ ಅರ್ಥ.

ಆಸಕ್ತಿ ನಿಜವಾದದ್ದಾದರೆ ತರಬೇತಿ ಪಡೆದ ಶಿಕ್ಷಕರ ಬಳಿ ಕಲಿಯಲಿ. ಅಲ್ಲಿ ಮೊದಲ ದಿನವೇ ಕಲಿಸುವುದು ಜೊತೆಗಾರನ ಕೆಲಸವನ್ನು. ಒಬ್ಬರು ಉಸಿರು ಹಿಡಿದಿರುವಾಗ ಇನ್ನೊಬ್ಬರು ತಾವು ಉಸಿರು ಹಿಡಿಯದೆ, ಕೈಯಳತೆಯಲ್ಲಿಯೇ ನಿಂತು, ಕಣ್ಣು ಕದಲಿಸದೆ ನೋಡುತ್ತಿರಬೇಕು. ಗುರಿಯ ಅವಧಿಗೆ ಒಂದು ನಿಮಿಷ ಇರುವಾಗ ಬೆನ್ನನ್ನೋ ಕೈಯನ್ನೋ ಮೃದುವಾಗಿ ತಟ್ಟಬೇಕು. ನೀರಿನಲ್ಲಿರುವವರು ಮೊದಲೇ ಮಾತಾಡಿಕೊಂಡಂತೆ ತೋರುಬೆರಳೆತ್ತಿ ಉತ್ತರಿಸಬೇಕು. ಆಮೇಲೆ ಅರ್ಧ ನಿಮಿಷಕ್ಕೊಮ್ಮೆ, ಗುರಿ ಹತ್ತಿರವಾದಂತೆ ಹದಿನೈದು ಸೆಕೆಂಡಿಗೊಮ್ಮೆ ಹೀಗೆ ವಿಚಾರಿಸಬೇಕು. ಬೆರಳು ಏಳದಿದ್ದರೆ ತಕ್ಷಣ ಇನ್ನೊಮ್ಮೆ ತಟ್ಟುವುದು, ಆಗಲೂ ಏಳದಿದ್ದರೆ ಯೋಚಿಸುತ್ತ ನಿಲ್ಲದೆ ಮುಖವನ್ನು ನೀರಿನಿಂದ ಮೇಲೆತ್ತುವುದು.

ಹೊರಬಂದ ಮೇಲಿನ ಅರ್ಧ ನಿಮಿಷವೂ ಅಷ್ಟೇ ನಾಜೂಕಿನದು. ಎಳೆದುಕೊಂಡ ಹೊಸ ಗಾಳಿಯ ಆಮ್ಲಜನಕ ಮಿದುಳನ್ನು ತಲುಪಲು ಕೆಲವು ಸೆಕೆಂಡುಗಳು ಬೇಕು. ತಲೆಯೆತ್ತಿ ನಕ್ಕವರು ಆ ನಡುವೆ ಕುಸಿಯುವುದುಂಟು. ಆದ್ದರಿಂದ ಮೇಲೆ ಬಂದವರು ಅಂಚನ್ನು ಹಿಡಿದುಕೊಂಡು, ಒಳಗಿನ ಗಾಳಿಯನ್ನೆಲ್ಲ ಜೋರಾಗಿ ಊದಿಬಿಡದೆ, ಸ್ವಲ್ಪ ಮಾತ್ರ ಹೊರಬಿಟ್ಟು ಚುರುಕಾಗಿ ತುಂಬ ಉಸಿರೆಳೆದುಕೊಂಡು, ಕ್ಷಣಕಾಲ ತಡೆದು, ಸಡಿಲ ಬಿಡಬೇಕು. ಹೀಗೆ ಆರೇಳು ಸಲ. ಜೊತೆಗಾರ ‘ಉಸಿರಾಡು, ಉಸಿರಾಡು’ ಎಂದು ಹೇಳುತ್ತಲೇ ಇರಬೇಕು. ತುಟಿ ನೀಲಿಗಟ್ಟಿದೆಯೇ, ಕಣ್ಣು ಎಲ್ಲಿಯೋ ನೆಟ್ಟಿದೆಯೇ, ತಲೆ ಅಥವಾ ಕೈ ತನ್ನಷ್ಟಕ್ಕೆ ಅದುರುತ್ತಿದೆಯೇ ಎಂದು ನೋಡಬೇಕು. ಅದುರುವಿಕೆಗೆ ಫ್ರೀಡೈವರ್‌ಗಳು ಸಾಂಬಾ ಎಂಬ ನೃತ್ಯದ ಹೆಸರಿಟ್ಟಿದ್ದಾರೆ, ಆದರೆ ಅದು ಪ್ರಜ್ಞೆ ತಪ್ಪುವುದಕ್ಕೆ ಒಂದೇ ಹೆಜ್ಜೆ ಹಿಂದಿನ ಸ್ಥಿತಿ.

ಪ್ರಜ್ಞೆ ತಪ್ಪಿದ್ದೇ ಆದರೆ ಮುಖವನ್ನು ನೀರಿನ ಮೇಲೆ ಹಿಡಿದು, ಕನ್ನಡಕ, ನೋಸ್‌ಕ್ಲಿಪ್ ತೆಗೆದು, ಕೆನ್ನೆಯ ಮೇಲೆ ಗಾಳಿ ಊದಿ, ತಟ್ಟಿ, ಹೆಸರು ಹಿಡಿದು ಕರೆಯಬೇಕು. ಬಹುತೇಕರು ಇಷ್ಟಕ್ಕೇ ಉಸಿರೆಳೆದುಕೊಳ್ಳುತ್ತಾರೆ. ಹತ್ತು ಸೆಕೆಂಡಿನೊಳಗೆ ಉಸಿರು ಬರದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ನೀರಿನಿಂದ ಹೊರತೆಗೆದು ಸಿಪಿಆರ್ ಆರಂಭಿಸಬೇಕು, 108ಕ್ಕೆ ಕರೆ ಮಾಡಿಸಬೇಕು. ಎಚ್ಚರಗೊಂಡು ಸರಿಹೋದರೂ ಆ ದಿನ ಮತ್ತೆ ಉಸಿರು ಹಿಡಿಯುವಂತಿಲ್ಲ. ಕೆಮ್ಮು, ಎದೆನೋವು ಅಥವಾ ಉಸಿರಾಟದ ತೊಂದರೆ ಉಳಿದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ಅಭ್ಯಾಸಕ್ಕೆ ಮುನ್ನ ಏನು ತಿನ್ನಬೇಕು? ಕಾಫಿ ಕುಡಿಯಬಹುದೇ? ನನಗೆ ರಕ್ತದೊತ್ತಡದ ಮಾತ್ರೆಯಿದೆ, ಅದರಿಂದ ತೊಂದರೆಯೇ?
— ಓದುಗರು, ಕಲಬುರಗಿ

ಉತ್ತರ: ಹೊಟ್ಟೆ ತುಂಬ ಉಂಡು ಅಭ್ಯಾಸಕ್ಕೆ ಕೂರಬೇಡಿ. ತುಂಬಿದ ಹೊಟ್ಟೆ ವಪೆ ಕೆಳಗಿಳಿಯಲು ಬಿಡುವುದಿಲ್ಲ, ಜೀರ್ಣಕ್ರಿಯೆಗೂ ಆಮ್ಲಜನಕ ಬೇಕು. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಲಿ. ಬೆಳಿಗ್ಗೆ ಎದ್ದು, ನೀರು ಕುಡಿದು, ಉಪಾಹಾರಕ್ಕೆ ಮುನ್ನ ಮಾಡುವುದು ಹಲವರಿಗೆ ಒಗ್ಗುತ್ತದೆ. ಕಾಫಿಯನ್ನು ಅಭ್ಯಾಸ ಮುಗಿದ ಮೇಲೆ ಕುಡಿಯಿರಿ. ಅದು ಎದೆಬಡಿತವನ್ನು ಏರಿಸಬಲ್ಲದು. ಉಸಿರು ಹಿಡಿದಾಗ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಮಾತ್ರೆ ತೆಗೆದುಕೊಳ್ಳುತ್ತಿರುವ ನೀವು ನಿಮ್ಮ ವೈದ್ಯರನ್ನು ಕೇಳದೆ, ಮನೆಯ ಚಾಪೆಯ ಮೇಲಿನ ಅಭ್ಯಾಸವನ್ನೂ ಆರಂಭಿಸಬೇಡಿ. ಹೃದ್ರೋಗ, ಮೂರ್ಛೆರೋಗ, ಆಸ್ತಮಾ ಇರುವವರಿಗೂ ಗರ್ಭಿಣಿಯರಿಗೂ ಇದೇ ಮಾತು.

ಪ್ರಶ್ನೆ: ಕ್ರೊಯೇಷ್ಯಾದ ಒಬ್ಬರು 29 ನಿಮಿಷ ಉಸಿರು ಹಿಡಿದರು ಎಂಬ ಸುದ್ದಿ ಓದಿದೆ. ಬೇರೆ ಕಡೆ ವಿಶ್ವದಾಖಲೆ 11 ನಿಮಿಷ 35 ಸೆಕೆಂಡು ಎಂದಿದೆ. ಯಾವುದು ಸರಿ?
— ಓದುಗರು, ತುಮಕೂರು

ಉತ್ತರ: ಎರಡೂ ಸರಿ, ಆದರೆ ಅವು ಬೇರೆ ಬೇರೆ ಸಾಧನೆಗಳು. ಫ್ರಾನ್ಸಿನ ಸ್ಟೆಫಾನ್ ಮಿಫ್ಸುಡ್ ಅವರು 2009ರ ಜೂನ್ 8ರಂದು ಐಡಾ ಸಂಸ್ಥೆಯ ನಿಯಮದಡಿ 11 ನಿಮಿಷ 35 ಸೆಕೆಂಡು ಇದ್ದದ್ದು ನಾವೆಲ್ಲ ಉಸಿರಾಡುವ ಸಾಮಾನ್ಯ ಗಾಳಿಯನ್ನು ಎಳೆದುಕೊಂಡು; ಅದರಲ್ಲಿ ಆಮ್ಲಜನಕ ಇರುವುದು ಸುಮಾರು 21 ಪ್ರತಿಶತ. ರಷ್ಯಾದ ನತಾಲಿಯಾ ಮೋಲ್ಚಾನೊವಾ ಅವರು 2013ರಲ್ಲಿ ಬೆಲ್‌ಗ್ರೇಡ್‌ನಲ್ಲಿ 9 ನಿಮಿಷ 2 ಸೆಕೆಂಡು ಇದ್ದದ್ದೂ ಹೀಗೆಯೇ. ಕ್ರೊಯೇಷ್ಯಾದ ವಿಟೊಮಿರ್ ಮಾರಿಚಿಚ್ ಅವರು 2025ರ ಜೂನ್ 14ರಂದು ಒಪಾಟಿಯಾದಲ್ಲಿ 29 ನಿಮಿಷ 3 ಸೆಕೆಂಡು ಇದ್ದದ್ದು ಮೊದಲು ಶುದ್ಧ ಆಮ್ಲಜನಕವನ್ನು ಉಸಿರಾಡಿಕೊಂಡ ನಂತರ. ಅದೇ ದೇಶದ ಬುಡಿಮಿರ್ ಶೋಬಾಟ್ ಅವರು 2021ರಲ್ಲಿ 24 ನಿಮಿಷ 37 ಸೆಕೆಂಡು ಇದ್ದದ್ದೂ ಇದೇ ಬಗೆಯಲ್ಲಿ. ಶ್ವಾಸಕೋಶದಲ್ಲಿರುವ ಸಾರಜನಕವನ್ನು ಹೊರಹಾಕಿ ಆ ಜಾಗವನ್ನೆಲ್ಲ ಆಮ್ಲಜನಕದಿಂದ ತುಂಬಿಸಿದರೆ ಅಲ್ಲಿನ ದಾಸ್ತಾನು ಹಲವು ಪಟ್ಟು ಹೆಚ್ಚುತ್ತದೆ. ಇಂಥ ಪ್ರಯತ್ನಗಳಲ್ಲಿ ಆಮ್ಲಜನಕಕ್ಕೆ ಅಷ್ಟಾಗಿ ಬರವಿಲ್ಲ. ಅರ್ಧ ಗಂಟೆಯ ತನಕ ಕೂಡುತ್ತಲೇ ಹೋಗುವ ಇಂಗಾಲದ ಡೈಆಕ್ಸೈಡನ್ನೂ, ನಿಲ್ಲದೆ ಎಳೆಯುವ ವಪೆಯನ್ನೂ ತಾಳಿಕೊಳ್ಳುವುದೇ ಅಲ್ಲಿಯ ಪರೀಕ್ಷೆ. ಗಿನ್ನೆಸ್ ಸಂಸ್ಥೆ ಈ ವಿಭಾಗವನ್ನು ದಾಖಲೆಯಾಗಿ ಮಾನ್ಯ ಮಾಡುತ್ತದೆ. ಐಡಾ ಸ್ಪರ್ಧೆಗಳಲ್ಲಿ ಶುದ್ಧ ಆಮ್ಲಜನಕ ಉಸಿರಾಡಿ ಬಂದವರಿಗೆ ಅವಕಾಶವಿಲ್ಲ.